ಗ್ರಹಣದ ಲೆಕ್ಕ ಬಲ್ಲ ನಾಡಿನಲ್ಲಿ ಗ್ರಹಣದ ಗುಂಡಿ ಯಾಕೆ?

2019ರ ಡಿಸೆಂಬರ್ 26, ಗುರುವಾರ. ಎಳ್ಳ ಅಮಾವಾಸ್ಯೆಯ ಜೊತೆಗೇ ಬಂದ ಸೂರ್ಯಗ್ರಹಣ. ಕಲಬುರಗಿ ನಗರದ ಅಂಚಿನಲ್ಲಿರುವ ತಾಜಸುಲ್ತಾನಪುರದಲ್ಲಿ ಗುಂಡಿ ತೋಡಿ, ಅಂಗವೈಕಲ್ಯವಿರುವ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಗ್ರಹಣ ಬಿಡುವ ತನಕ ಹಾಗೇ ಇದ್ದರೆ ಕೈಕಾಲಿಗೆ ಬಲ ಬರುತ್ತದೆ ಎಂಬ ನಂಬಿಕೆ. ಆ ಚಿತ್ರಗಳು ಟಿವಿಯಲ್ಲಿ, ಮೊಬೈಲಿನಲ್ಲಿ ದೇಶವೆಲ್ಲ ಓಡಾಡಿದವು.

ಅದೇ ಬೆಳಿಗ್ಗೆ, ಅದೇ ಗ್ರಹಣ, ಕಾಸರಗೋಡು ಮತ್ತು ಮಂಗಳೂರಿನ ಕಡೆ ಉಂಗುರದ ಹಾಗೆ ಕಂಡಿತು. ಅಲ್ಲಿ ಜನ ಮೈದಾನಕ್ಕೆ ಬಂದು, ಸೂರ್ಯ ನೋಡುವ ಕನ್ನಡಕ ಹಾಕಿಕೊಂಡು ಮಕ್ಕಳ ಜೊತೆ ನಿಂತು ನೋಡಿದರು. ಒಂದೇ ಗ್ರಹಣ, ಒಂದೇ ಸೂರ್ಯ. ಅಲ್ಲಿ ಮಕ್ಕಳು ಮೈದಾನದಲ್ಲಿದ್ದರು, ಇಲ್ಲಿ ಗುಂಡಿಯಲ್ಲಿದ್ದರು.

ಆ ತಂದೆತಾಯಿಯರನ್ನು ಬೈಯುವುದು ಸುಲಭ. ನಾವು ಬೈಯುವುದಿಲ್ಲ. ಮಗು ಒಂದು ದಿನ ಎದ್ದು ನಡೆಯಲಿ ಎಂಬ ಆಸೆ ಯಾರಿಗಿರುವುದಿಲ್ಲ? ಆಸ್ಪತ್ರೆ ಸುತ್ತಿ ಸೋತವರಿಗೆ ಗುಂಡಿ ತೋಡುವುದು ಕೊನೆಯ ದಾರಿಯಾಗಿ ಕಂಡಿರಬಹುದು. ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾನೂನನ್ನು ನಮ್ಮ ರಾಜ್ಯ 2017ರಲ್ಲಿ ಒಪ್ಪಿಕೊಂಡು 2020ರ ಜನವರಿಯಲ್ಲಿ ಜಾರಿಗೆ ತಂದಿದೆ. ಅದು ಬೇಕಾಗಿತ್ತು. ಆದರೆ ಕಾನೂನಿನಿಂದ ಮನಸ್ಸಿನ ಹೆದರಿಕೆ ಹೋಗುವುದಿಲ್ಲ.

ಹಾಗಾದರೆ ಯಾವುದರಿಂದ ಹೋಗುತ್ತದೆ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುತ್ತ ಓಡಾಡಿ ಸುದ್ದಿ ಬರೆಯುವ ನಮಗೆ ಈ ಪ್ರಶ್ನೆ ಬಿಡಲಿಲ್ಲ. ಉತ್ತರ ಹುಡುಕುತ್ತ ನಮ್ಮ ನಾಡು ಆಕಾಶವನ್ನು ಹೇಗೆ ನೋಡುತ್ತ ಬಂದಿದೆ ಎಂಬ ಹಳೆಯ ಕಥೆಗೆ ಹೋದೆವು. ಅದು ಹೆದರಿಕೆಯ ಕಥೆಯಾಗಿರಲಿಲ್ಲ.

ಮಳಖೇಡದ ಕಾಲದ ನೆರಳಿನ ಲೆಕ್ಕ

ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಇವತ್ತು ಹಾಳುಬಿದ್ದ ಕೋಟೆ, ಸುತ್ತ ತೊಗರಿ ಹೊಲ, ದೂರದಲ್ಲಿ ಸಿಮೆಂಟ್ ಕಾರ್ಖಾನೆಯ ಚಿಮಣಿ. ಸಾವಿರದ ಇನ್ನೂರು ವರ್ಷದ ಹಿಂದೆ ಇದೇ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಇಲ್ಲಿಂದ 814ರಿಂದ 878ರವರೆಗೆ ಆಳಿದ. ಕವಿರಾಜಮಾರ್ಗದಿಂದಾಗಿ ಅವನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು.

ಅದೇ ಅಮೋಘವರ್ಷನನ್ನು ಹೊಗಳಿ ತನ್ನ ಪುಸ್ತಕ ಶುರುಮಾಡಿದ ಇನ್ನೊಬ್ಬ ಇದ್ದ. ಹೆಸರು ಮಹಾವೀರಾಚಾರ್ಯ, ಜೈನ ಗಣಿತಜ್ಞ. ಸುಮಾರು 850ರಲ್ಲಿ ಅವನು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ' ಪೂರ್ತಿ ಗಣಿತಕ್ಕೇ ಮೀಸಲಾದ ಪುಸ್ತಕ. ಅದಕ್ಕೂ ಮೊದಲು ಗಣಿತ ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಳಗೆ ಒಂದೆರಡು ಅಧ್ಯಾಯವಾಗಿ ಬರುತ್ತಿತ್ತು. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು.

ಗಣಿತ ಯಾವುದಕ್ಕೆಲ್ಲ ಬೇಕು ಎಂದು ಹೇಳುವಾಗ ಮಹಾವೀರಾಚಾರ್ಯ ಸೂರ್ಯಚಂದ್ರರ ಚಲನೆ, ಗ್ರಹಣ, ಗ್ರಹಗಳ ಕೂಟ ಎಲ್ಲವನ್ನೂ ಲೆಕ್ಕದ ವಿಷಯಗಳ ಸಾಲಿನಲ್ಲಿ ಇಡುತ್ತಾನೆ. ಪುಸ್ತಕದ ಕೊನೆಯ ಅಧ್ಯಾಯ ನೆರಳಿನ ಲೆಕ್ಕ. ಒಂದು ಕೋಲು ನೆಟ್ಟು, ಅದರ ನೆರಳನ್ನು ಅಳೆದು ಹೊತ್ತು ಎಷ್ಟಾಯಿತೆಂದು ತಿಳಿಯುವುದು.

ಇದನ್ನು ಇವತ್ತೂ ಮಾಡಬಹುದು. ನಮ್ಮ ಐದೂ ಊರುಗಳು ಭೂಮಧ್ಯರೇಖೆಯಿಂದ ಸುಮಾರು 17 ಡಿಗ್ರಿ ಉತ್ತರಕ್ಕಿವೆ. ಹಾಗಾಗಿ ವರ್ಷದಲ್ಲಿ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಮೇ 8ರ ಆಸುಪಾಸು ಒಂದು ಸಲ, ಆಗಸ್ಟ್ 4ರ ಆಸುಪಾಸು ಇನ್ನೊಂದು ಸಲ. ಆ ದಿನ ನಡುಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ, ಬಿಂದಿಗೆಗೆ, ನಿಂತ ಮನುಷ್ಯನಿಗೆ ಪಕ್ಕದಲ್ಲಿ ನೆರಳೇ ಬೀಳುವುದಿಲ್ಲ. ಅದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ.

ಆದರೆ ಗಡಿಯಾರದಲ್ಲಿ 12 ಹೊಡೆದಾಗ ಹೊರಗೆ ಬಂದರೆ ಮೋಸ ಹೋಗುತ್ತೀರಿ. ಭಾರತದ ಸಮಯವನ್ನು ನಮಗಿಂತ ಪೂರ್ವಕ್ಕಿರುವ ಒಂದು ರೇಖೆಯ ಮೇಲೆ ಗೊತ್ತುಮಾಡಿದ್ದಾರೆ. ಸೂರ್ಯ ಅಲ್ಲಿಂದ ನಮ್ಮ ಊರುಗಳ ನೆತ್ತಿಗೆ ಬರಲು ಇನ್ನೂ 20ರಿಂದ 22 ನಿಮಿಷ ಬೇಕು. ಇದರ ಮೇಲೆ ಋತುವಿಗೆ ತಕ್ಕ ಸಣ್ಣ ಏರಿಳಿತವೂ ಇದೆ. ಎರಡನ್ನೂ ಸೇರಿಸಿದರೆ ಮೇ ತಿಂಗಳಲ್ಲಿ ವಾಡಿಯ ನಿಜವಾದ ಮಧ್ಯಾಹ್ನ ಸುಮಾರು 12 ಗಂಟೆ 18 ನಿಮಿಷಕ್ಕೆ, ಆಗಸ್ಟ್ ಆರಂಭದಲ್ಲಿ ಸುಮಾರು 12 ಗಂಟೆ 28 ನಿಮಿಷಕ್ಕೆ.

ಕಲ್ಲಿನಲ್ಲಿ ಬರೆದ ಗ್ರಹಣಗಳು

ಚಿತ್ತಾಪುರದ ಬಳಿಯ ನಾಗಾವಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ದೊಡ್ಡ ವಿದ್ಯಾಕೇಂದ್ರವಿತ್ತು. 1058ರ ಅಲ್ಲಿನ ಶಾಸನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವ 52 ವಿದ್ಯಾರ್ಥಿಗಳು ಮತ್ತು ಪುಸ್ತಕ ಭಂಡಾರ ನೋಡಿಕೊಳ್ಳುವ 6 ಜನರ ಲೆಕ್ಕವಿದೆ. ಸೇಡಂನಲ್ಲೂ ಅದೇ ಚಾಲುಕ್ಯರ ಕಾಲದ ಶಾಸನಗಳಿವೆ. ಕನ್ನಡ ನಾಡಿನ ಇಂಥ ನೂರಾರು ಶಾಸನಗಳಲ್ಲಿ ತಿಥಿ, ವಾರ, ಸಂಕ್ರಮಣದ ಜೊತೆಗೆ ಸೂರ್ಯಗ್ರಹಣ, ಸೋಮಗ್ರಹಣ ಎಂಬ ಮಾತುಗಳು ಬರುತ್ತವೆ. ಗ್ರಹಣದ ದಿನ ಊರಿನವರು ಸೇರಿ ಕೆರೆಗೆ, ಗುಡಿಗೆ, ಬಸದಿಗೆ, ಓದುವವರ ಊಟಕ್ಕೆ ಭೂಮಿ ಬಿಟ್ಟುಕೊಟ್ಟ ದಾಖಲೆಗಳು ಅವು.

ಅವರಿಗೆ ಗ್ರಹಣದ ಬಗ್ಗೆ ಧಾರ್ಮಿಕ ನಂಬಿಕೆ ಇತ್ತು, ಸುಳ್ಳಲ್ಲ. ಆದರೆ ಆ ದಿನ ಬಾಗಿಲು ಹಾಕಿಕೊಂಡು ಕೂತಿರಲಿಲ್ಲ, ಹತ್ತು ಜನರ ಎದುರು ನಿಂತು ದಾನ ಕೊಟ್ಟರು. ಆ ಬರಹ ಮುಂದೆ ಇತಿಹಾಸಕಾರರ ಕೈಗೆ ಸಿಕ್ಕ ಗಡಿಯಾರವಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದರು. 1896ರಲ್ಲಿ ರಾಬರ್ಟ್ ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತ್ ಭಾರತದ ಪಂಚಾಂಗಗಳ ಬಗ್ಗೆ ಪುಸ್ತಕ ತಂದರು. ಗ್ರಹಣ ಯಾವ ದಿನ ಆಗಿತ್ತೆಂದು ಹಿಂದಕ್ಕೆ ಲೆಕ್ಕ ಹಾಕಿದರೆ, ಶಾಸನ ಯಾವ ದಿನದ್ದೆಂದು ಪಕ್ಕಾ ಆಗುತ್ತದೆ.

ಇಲ್ಲಿ ಒಂದು ಮಾತು ನಿಂತು ಯೋಚಿಸಬೇಕು. ಸಾವಿರ ವರ್ಷ ಹಿಂದಿನ ಗ್ರಹಣವನ್ನು ಇವತ್ತು ಲೆಕ್ಕ ಹಾಕಬಹುದು. ಮುಂದಿನ ವರ್ಷದ ಗ್ರಹಣ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹಿಡಿಯುತ್ತದೆ, ಯಾವಾಗ ಬಿಡುತ್ತದೆ ಎಂದು ಮನೆಯಲ್ಲಿ ತೂಗುಹಾಕಿದ ಪಂಚಾಂಗವೇ ಹೇಳುತ್ತದೆ. ಸಿಟ್ಟು, ಶಾಪ ಹೇಳಿ ಕೇಳಿ ಬರುವುದಿಲ್ಲ. ನಿಮಿಷ ತಪ್ಪದೆ ಬರುವುದು ರೈಲಿನ ವೇಳಾಪಟ್ಟಿಯಂಥದ್ದು. ಚಂದ್ರ ಸೂರ್ಯನಿಗೂ ನಮಗೂ ನಡುವೆ ಬರುತ್ತಾನೆ, ಅವನ ನೆರಳು ನಮ್ಮ ಮೇಲೆ ಬೀಳುತ್ತದೆ, ಸರಿದು ಹೋಗುತ್ತದೆ. ಆ ನೆರಳಿಗೆ ಮಗುವಿನ ಕಾಲಿಗೆ ಬಲ ತುಂಬುವ ಶಕ್ತಿಯಿಲ್ಲ. ಬಸುರಿಯ ಹೊಟ್ಟೆಯಲ್ಲಿರುವ ಕೂಸಿಗೆ ಕೇಡು ಮಾಡುವ ಶಕ್ತಿಯೂ ಇಲ್ಲ.

ನಮ್ಮ ಪಕ್ಕದಲ್ಲೇ ಹಾದುಹೋದ ನೆರಳು

1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕನ್ನಡ ನಾಡಿನ ಮೇಲೆ ಓಡಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಉಪಕರಣ ಹೂಡಿದ್ದರು. ಬಿಜಾಪುರದಲ್ಲಿ ಇನ್ನೊಂದು ತಂಡವಿತ್ತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದರು. ಸೂರ್ಯನ ಅಂಚಿನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದಾಗ ಹೊಸದೊಂದು ಹಳದಿ ಗೆರೆ ಕಂಡಿತು. ಹೀಲಿಯಂ ಎಂಬ ಧಾತುವಿನ ಮೊದಲ ಸುಳಿವು ಅದು. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ.

ಆ ಗ್ರಹಣ ನೋಡಲು ನಮ್ಮ ಸೇಡಂನ ಆಚೆಗಿನ ಸೀಮೆಯ ವನಪರ್ತಿಗೆ ಬಂದಿದ್ದವರು ಚಿಂತಾಮಣಿ ರಘುನಾಥಾಚಾರಿ. ಮದರಾಸಿನ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರು. ಅವರು ಸಂಶೋಧನೆಗೆ ನಿಲ್ಲಲಿಲ್ಲ. 1874ರಲ್ಲಿ ಶುಕ್ರಗ್ರಹ ಸೂರ್ಯನ ಮುಂದೆ ಹಾಯುವ ಹೊತ್ತಿಗೆ, ಜನ ಹೆದರಬಾರದು, ನೋಡಬೇಕು ಎಂದು ಒಂದು ಕಿರುಪುಸ್ತಕ ಬರೆದರು. ಇಬ್ಬರು ಕೂತು ಪ್ರಶ್ನೋತ್ತರ ಮಾಡುವ ರೀತಿಯಲ್ಲಿ ಬರೆದ ಅದು ತಮಿಳು, ಉರ್ದು ಸೇರಿ ಹಲವು ಭಾಷೆಗಳಿಗೆ ಹೋಯಿತು. ವಿಜ್ಞಾನವನ್ನು ಊರಿನ ಮಾತಿನಲ್ಲಿ ಹೇಳುವ ಕೆಲಸ ನಮ್ಮಲ್ಲಿ ಹೊಸದಲ್ಲ.

1871ರಲ್ಲಿ ಮುಂಬೈ-ರಾಯಚೂರು ರೈಲು ಹಳಿ ಶಹಾಬಾದ್, ವಾಡಿ ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂ ಹಾಯ್ದು ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. 1898ರ ಜನವರಿ 22ರ ಪೂರ್ಣ ಗ್ರಹಣಕ್ಕೆ ಅಮೆರಿಕದ ಖಗೋಳ ತಂಡ ಬಂದಿಳಿದಿದ್ದು ಇದೇ ಮುಂಬೈ ಹಳಿಯ ಮೇಲಿರುವ ಸೊಲ್ಲಾಪುರ ಜಿಲ್ಲೆಯ ಜೇವೂರ್‌ನಲ್ಲಿ. ಪುಣೆಯ ಕೆ.ಡಿ. ನಾಯ್‌ಗಾಂವಾಲಾ ಅವರೂ ಅಲ್ಲೇ ಬಿಡಾರ ಹೂಡಿದ್ದರು.

ಬೇಗಂಪೇಟೆಯ ದೂರದರ್ಶಕ

1948ರವರೆಗೆ ನಮ್ಮ ಊರುಗಳು ಹೈದರಾಬಾದ್ ಸಂಸ್ಥಾನದವು. ಆ ಸಂಸ್ಥಾನದ ಆಕಾಶ ನೋಡುವ ಅಧಿಕೃತ ಜಾಗ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ. ನವಾಬ್ ಜಫರ್ ಜಂಗ್ 1901ರಲ್ಲಿ ತಮ್ಮ ಹಣದಿಂದ 15 ಇಂಚಿನ ದೂರದರ್ಶಕ ತರಿಸಿದರು. ಅವರು ತೀರಿಕೊಂಡ ಮೇಲೆ 1908ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡು ಬೇಗಂಪೇಟೆಗೆ ಸಾಗಿಸಿತು.

ಆಗ ಜಗತ್ತಿನ ವೀಕ್ಷಣಾಲಯಗಳು ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಫೋಟೊ ತೆಗೆಯುತ್ತಿದ್ದವು. ಚಿಲಿ ದೇಶದ ಸ್ಯಾಂಟಿಯಾಗೊ ಕೈಬಿಟ್ಟ ಪಾಲನ್ನು ಹೈದರಾಬಾದ್ ಹೊತ್ತಿತು. ಆಕಾಶದ ದಕ್ಷಿಣಭಾಗದ 17ರಿಂದ 23 ಡಿಗ್ರಿಯ ಆ ಪಟ್ಟಿಯಲ್ಲಿ ಲಕ್ಷಾಂತರ ನಕ್ಷತ್ರಗಳ ಜಾಗವನ್ನು ಅಳೆದು ಬರೆದರು. ನಮ್ಮ ಮಾಳಿಗೆ ಮೇಲೆ ನಿಂತು ದಕ್ಷಿಣಕ್ಕೆ ಮುಖ ಮಾಡಿ, ನೆತ್ತಿಗೂ ನೆಲಕ್ಕೂ ನಡುವಿನ ಅರ್ಧಕ್ಕಿಂತ ತುಸು ಮೇಲೆ ನೋಡಿದರೆ ಕಾಣುವುದು ಅದೇ ಪಟ್ಟಿ. ಆದರೆ ಆ ಕಟ್ಟಡದ ಒಳಗೆ ಸೇಡಂನ ರೈತನಿಗೆ, ಶಹಾಬಾದಿನ ಕಲ್ಲುಗಣಿ ಕೂಲಿಗೆ ಏನು ಕೆಲಸ? ಲೆಕ್ಕ ಬೆಳೆಯಿತು, ಜನರಿಂದ ದೂರವೂ ಆಯಿತು. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ ಎಂದು ನಮಗನಿಸುತ್ತದೆ.

1980: ಹೊರಗೆ ವಿಜ್ಞಾನಿಗಳು, ಒಳಗೆ ಜನ

1980ರ ಫೆಬ್ರವರಿ 16ರಂದು ಇನ್ನೊಂದು ಪೂರ್ಣ ಗ್ರಹಣ. ನೆರಳು ಅಂಕೋಲಾದ ಕಡೆಯಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರು ದಾಟಿ ತೆಲಂಗಾಣಕ್ಕೆ ಹೋಯಿತು. ಹುಬ್ಬಳ್ಳಿ ಬಳಿಯ ಹೊಸೂರಿನಲ್ಲಿ, ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ವಿಜ್ಞಾನಿಗಳ ಬಿಡಾರ. ಹೈದರಾಬಾದಿನ ಬಳಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಜಪಾಲ್-ರಂಗಾಪುರ ವೀಕ್ಷಣಾಲಯವೂ ನೆರಳಿನ ದಾರಿಯಲ್ಲೇ ಇತ್ತು.

ನಮ್ಮ ಐದು ಊರುಗಳು ಆ ದಾರಿಯ ಉತ್ತರಕ್ಕೆ ಉಳಿದವು. ಪೂರ್ತಿ ಕತ್ತಲಾಗಲಿಲ್ಲ. ಸೂರ್ಯ ತೆಳ್ಳಗಿನ ಕುಡುಗೋಲಿನಷ್ಟೇ ಉಳಿದಿದ್ದ. ದೇಶದ ದೊಡ್ಡ ದೊಡ್ಡ ಪೇಟೆಗಳಲ್ಲೂ ರಸ್ತೆಗಳು ಖಾಲಿಯಾಗಿದ್ದವು, ಜನ ಕಿಟಕಿ ಮುಚ್ಚಿ ಒಳಗೆ ಕೂತರು. ಮೂರು ನಿಮಿಷದೊಳಗೆ ಮುಗಿದುಹೋದ ಆ ಕತ್ತಲನ್ನು ನೋಡಲು ವಿಜ್ಞಾನಿಗಳು ಎಷ್ಟೋ ದೂರದಿಂದ ಬಂದಿದ್ದರು. ಆ ನೆರಳು ಹಾದ ಊರುಗಳಲ್ಲೇ ಎಷ್ಟೋ ಜನ ಹೊರಗೆ ಬರಲಿಲ್ಲ.

ಅದೇ ವರ್ಷ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು. 'ಬಾಲ ವಿಜ್ಞಾನ' ಪತ್ರಿಕೆ ಹಳ್ಳಿ ಶಾಲೆಗಳ ಕಪಾಟಿಗೆ ಬಂತು. 1984ರಲ್ಲಿ ಕಲಬುರಗಿಯಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಬಾಗಿಲು ತೆರೆಯಿತು. ದೂರದರ್ಶಕ ಹಚ್ಚಿ ಆಕಾಶ ತೋರಿಸುವುದು ಇಂಥ ಕೇಂದ್ರಗಳ ವಾಡಿಕೆಯ ಕೆಲಸ. ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳ ಸಂಘ 1976ರಲ್ಲೇ ಶುರುವಾಗಿತ್ತು. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಖಗೋಳ ಸಂಘ ಮುಂದೆ ಕರಾವಳಿಯಲ್ಲಿ ಹೆಸರು ಮಾಡಿತು. 2019ರಲ್ಲಿ ಆ ಸೀಮೆಯ ಜನ ಧೈರ್ಯವಾಗಿ ಮೈದಾನಕ್ಕೆ ಬಂದದ್ದರ ಹಿಂದೆ ಇಂಥ ಸಂಘಗಳು ವರ್ಷಗಟ್ಟಲೆ ನಡೆಸಿದ ಸಂಜೆಗಳ ಪಾಲೂ ಇದೆ.

ಮಳೆ ನಕ್ಷತ್ರ ಮಳೆಗಾಲದಲ್ಲಿ ಯಾಕೆ ಕಾಣುವುದಿಲ್ಲ?

ನಮ್ಮ ರೈತರಿಗೆ ನಕ್ಷತ್ರದ ಹೆಸರು ಹೇಳಿಕೊಡಬೇಕಾಗಿಲ್ಲ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆಯನ್ನು ಎಣಿಸಿಯೇ ತೊಗರಿ ಬಿತ್ತುತ್ತಾರೆ. ಆದರೆ ರೋಹಿಣಿ ಮಳೆ ಬಂದಾಗ ಆಕಾಶದಲ್ಲಿ ರೋಹಿಣಿ ನಕ್ಷತ್ರ ಎಲ್ಲಿ ಎಂದು ಕೇಳಿದರೆ ತೋರಿಸುವವರು ಕಡಿಮೆ. ತೋರಿಸಲು ಆಗುವುದೂ ಇಲ್ಲ.

ಕಾರಣ ಸರಳ. ರೋಹಿಣಿ ಮಳೆ ಎಂದರೆ ಸೂರ್ಯ ರೋಹಿಣಿ ನಕ್ಷತ್ರದ ದಿಕ್ಕಿನಲ್ಲಿರುವ ಹದಿಮೂರು-ಹದಿನಾಲ್ಕು ದಿನ. ಆಗ ಆ ನಕ್ಷತ್ರ ಸೂರ್ಯನ ಜೊತೆಗೇ ಮೂಡಿ, ಅವನ ಜೊತೆಗೇ ಮುಳುಗುತ್ತದೆ. ಹಗಲ ಬೆಳಕಿನಲ್ಲಿ ಅಡಗಿರುತ್ತದೆ. ಆರು ತಿಂಗಳ ಮೇಲೆ ಸೂರ್ಯ ಎದುರು ಬದಿಗೆ ಹೋದಾಗ ಅದೇ ನಕ್ಷತ್ರ ರಾತ್ರಿಯೆಲ್ಲ ಕಾಣುತ್ತದೆ.

ಹಾಗಾಗಿ ಮಳೆ ನಕ್ಷತ್ರ ನೋಡಲು ಒಳ್ಳೆಯ ಹೊತ್ತು ಎಳ್ಳ ಅಮಾವಾಸ್ಯೆಯ ರಾತ್ರಿ. ಹಗಲು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ರೊಟ್ಟಿ ಉಂಡು ಬಂದಿರುತ್ತೇವೆ. ಚಂದ್ರನಿಲ್ಲದ ಕಪ್ಪು ಆಕಾಶ. ಎಂಟು ಗಂಟೆಗೆ ಪೂರ್ವಕ್ಕೆ ತಿರುಗಿ ನಿಲ್ಲಿ. ಮೇಲೆ ಸಣ್ಣ ಗೊಂಚಲಿನ ಹಾಗೆ ಕೃತ್ತಿಕೆ. ಅದರ ಕೆಳಗೆ ಕೆಂಪು ಛಾಯೆಯ ರೋಹಿಣಿ. ಇನ್ನೂ ಕೆಳಗೆ ಸಾಲಾಗಿ ಮೂರು ಚುಕ್ಕಿ ಇರುವ ಗುಂಪು, ಅದರ ತಲೆಯ ಹತ್ತಿರ ಮೃಗಶಿರ, ಹೆಗಲ ಮೇಲೆ ಕೆಂಪಗೆ ಆರಿದ್ರ. ಬಿತ್ತನೆಯ ಕಾಲದ ಹೆಸರುಗಳೆಲ್ಲ ಒಂದೇ ಕಡೆ ಸಾಲಾಗಿ ನಿಂತಿರುತ್ತವೆ.

ಆಕಾಶ ನೋಡುವ ಸಂಜೆಗೆ ಏನು ಬೇಕು?

ಸಂಘ ಎಂದಕೂಡಲೇ ನೋಂದಣಿ, ಬೋರ್ಡು, ಅಧ್ಯಕ್ಷರು ನೆನಪಾಗುತ್ತಾರೆ. ಅದ್ಯಾವುದೂ ಬೇಡ. ಅಮೆರಿಕದಲ್ಲಿ ಜಾನ್ ಡಾಬ್ಸನ್ ಎಂಬ, ಮೊದಲು ವೇದಾಂತ ಆಶ್ರಮದಲ್ಲಿದ್ದ ಸನ್ಯಾಸಿ, ಹಳೆ ಗಾಜು ಉಜ್ಜಿ ದೂರದರ್ಶಕ ಮಾಡಿ ಸ್ಯಾನ್ ಫ್ರಾನ್ಸಿಸ್ಕೊದ ಫುಟ್‌ಪಾತಿನಲ್ಲಿ ಇಟ್ಟುಕೊಂಡು ಹೋಗುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸುತ್ತಿದ್ದರು. 1968ರಲ್ಲಿ ಅದೇ ಒಂದು ಸಂಘವಾಯಿತು.

ನಮಗಂತೂ ಮಾಳಿಗೆ ಇದೆ. ಪರಸಿ ಕಲ್ಲು ಹಾಸಿದ ಮಾಳಿಗೆ ಮೇಲೆ ಬೇಸಿಗೆಯಲ್ಲಿ ಮಲಗುವ ನಮ್ಮ ಜನಕ್ಕೆ ಬೇರೆ ವೀಕ್ಷಣಾಲಯ ಯಾಕೆ?

ಚಂದ್ರನನ್ನು ನೋಡಬೇಕಾದರೆ ಅಮಾವಾಸ್ಯೆ ಕಳೆದು ಐದರಿಂದ ಒಂಬತ್ತನೇ ದಿನದೊಳಗೆ ಸೇರಿ. ಅರ್ಧ ಚಂದ್ರನ ಅಂಚಿನಲ್ಲಿ ಕುಳಿಗಳ ನೆರಳು ಚೆನ್ನಾಗಿ ಕಾಣುತ್ತದೆ, ಹುಣ್ಣಿಮೆಯಲ್ಲಿ ಕಾಣುವುದಿಲ್ಲ. 10x50 ಅಳತೆಯ ಬೈನಾಕ್ಯುಲರ್ ಒಂದಿದ್ದರೆ, ಕೈ ಅಲುಗದಂತೆ ಗೋಡೆಗೆ ಒರಗಿ ನೋಡಿದರೆ ಗುರುಗ್ರಹದ ಪಕ್ಕ ಸಾಲಾಗಿ ಚುಕ್ಕಿಗಳು ಕಾಣುತ್ತವೆ. ಗೆಲಿಲಿಯೊ 1610ರಲ್ಲಿ ನೋಡಿದ ನಾಲ್ಕು ಉಪಗ್ರಹಗಳು ಅವೇ. ಶನಿಯ ಬಳೆಗೆ ಸಣ್ಣ ದೂರದರ್ಶಕ ಬೇಕು. ಶನಿಕಾಟ ಎಂದು ಹೆದರುವವರೂ ಒಮ್ಮೆ ಆ ಬಳೆ ನೋಡಿದರೆ ಮತ್ತೊಮ್ಮೆ ಸಾಲಿಗೆ ಬಂದು ನಿಲ್ಲುತ್ತಾರೆ.

ಧ್ರುವ ನಕ್ಷತ್ರಕ್ಕೆ ಏನೂ ಬೇಡ. ಉತ್ತರಕ್ಕೆ ಮುಖ ಮಾಡಿ ಕೈ ಉದ್ದ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಅಂದಾಜು 10 ಡಿಗ್ರಿ. ನೆಲದ ಅಂಚಿನಿಂದ ಎರಡು ಮುಷ್ಟಿಗೆ ತುಸು ಕಡಿಮೆ ಎತ್ತರದಲ್ಲಿ ಅದು ಸಿಗುತ್ತದೆ. ಆ ಎತ್ತರವೇ ನಮ್ಮ ಊರಿನ ಅಕ್ಷಾಂಶ, 17 ಡಿಗ್ರಿ.

ವಾಡಿ, ಶಹಾಬಾದ್, ಸೇಡಂನಲ್ಲಿ ಕಾರ್ಖಾನೆಯ ಬೆಳಕು ಮತ್ತು ಧೂಳಿನಿಂದ ಸಣ್ಣ ಚುಕ್ಕಿಗಳು ಅಳಿಸಿಹೋಗುತ್ತವೆ. ಚಂದ್ರ, ಗುರು, ಶನಿಗೆ ತೊಂದರೆಯಿಲ್ಲ. ಚಿಂಚೋಳಿಯ ಕಾಡಂಚಿನ ಹಳ್ಳಿಗಳಲ್ಲಿ ಹಾಲುಹಾದಿಯೂ ಕಾಣುವಷ್ಟು ಕತ್ತಲು ಇನ್ನೂ ಉಳಿದಿದೆ.

ಇನ್ನು ಸಂಜೆಯ ರೀತಿನೀತಿ. ಮಕ್ಕಳಿಗೆ, ಕುಂಟುತ್ತ ಬರುವವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ ಮೊದಲ ಸರದಿ. ಮೆಟ್ಟಿಲು ಹತ್ತಲಾಗದವರು ಇದ್ದರೆ ಮಾಳಿಗೆ ಬಿಟ್ಟು ಅಂಗಳದಲ್ಲೇ ಸೇರಿ. ಹೆಣ್ಣುಮಕ್ಕಳು ಬರಬೇಕಾದರೆ ಎಂಟೂವರೆಗೆ ಮುಗಿಸಿ. ಯಾವ ಓಣಿಯವರು ಎಂದು ಕೇಳಬೇಡಿ, ಎಲ್ಲರಿಗೂ ಒಂದೇ ಸಾಲು. ಮೊಬೈಲ್ ಲೈಟು ಆರಿಸಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು.

ಮುಂದಿನ ದಿನಾಂಕ: 2027ರ ಆಗಸ್ಟ್ 2

ಅದು ಸೋಮವಾರ, ಆಷಾಢದ ಅಮಾವಾಸ್ಯೆ. ಉತ್ತರ ಆಫ್ರಿಕಾ, ಅರೇಬಿಯಾದಲ್ಲಿ ಪೂರ್ಣ ಸೂರ್ಯಗ್ರಹಣ. ನಮ್ಮಲ್ಲಿ ಇಳಿಹೊತ್ತಿನಲ್ಲಿ ಭಾಗಶಃ ಗ್ರಹಣ. ಮಳೆಗಾಲವಾದ್ದರಿಂದ ಮೋಡ ಇರಬಹುದು, ಇಲ್ಲದೆಯೂ ಇರಬಹುದು.

ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದು. ಎಕ್ಸ್‌ರೇ ಹಾಳೆ, ಸಿಡಿ, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಬೇಡ. ಬೈನಾಕ್ಯುಲರನ್ನಂತೂ ಸೂರ್ಯನ ಕಡೆ ತಿರುಗಿಸಲೇಬೇಡಿ. ಗ್ರಹಣಕ್ಕೆಂದೇ ಮಾಡಿದ ಕನ್ನಡಕವಿದ್ದರೆ ಸರಿ. ಇಲ್ಲವಾದರೆ ಜರಡಿಯನ್ನು ಬಿಸಿಲಿಗೆ ಹಿಡಿದು ಕೆಳಗೆ ಬೀಳುವ ಬೆಳಕನ್ನು ನೋಡಿ, ಒಂದೊಂದು ತೂತಿನಿಂದಲೂ ಒಂದೊಂದು ಕಚ್ಚಿದ ಸೂರ್ಯ ಬೀಳುತ್ತಾನೆ. ಬೇವಿನ ಮರದ ಕೆಳಗೂ ಹಾಗೇ. ನೀರು ಕುಡಿಯಿರಿ, ಊಟ ಮಾಡಿ. ಬಸುರಿಯರನ್ನು ಹಸಿದು ಕೂರಿಸಬೇಡಿ.

ಆದರೆ ಗ್ರಹಣದ ದಿನವೇ ಬಂದು ಹೆದರಬೇಡಿ ಎಂದರೆ ಯಾರೂ ನಂಬುವುದಿಲ್ಲ. ತಿಂಗಳಿಗೊಂದು ಸಂಜೆ ಚಂದ್ರನನ್ನು ಹತ್ತಿರದಿಂದ ನೋಡಿದವರಿಗೆ, ಅದೇ ಚಂದ್ರ ಸೂರ್ಯನಿಗೆ ಅಡ್ಡ ಬಂದಾಗ ಬೇರೆ ವಿವರಣೆ ಬೇಕಾಗುವುದಿಲ್ಲ. ನಿಮ್ಮ ಊರಿನಲ್ಲಿ ವಿಜ್ಞಾನ ಮೇಷ್ಟ್ರು, ಆಶಾ ಕಾರ್ಯಕರ್ತೆ, ಗ್ರಂಥಾಲಯದ ಮೇಲ್ವಿಚಾರಕರು, ನಾಲ್ಕು ಹುಡುಗ ಹುಡುಗಿಯರು ಸೇರಿದರೆ ಸಾಕು, ಮೊದಲ ಸಂಜೆ ನಡೆಯುತ್ತದೆ. ನಿಮ್ಮ ಓಣಿಯಲ್ಲಿ ನಡೆಯಲಾಗದ ಮಗು ಇದ್ದರೆ ಅದರ ಮನೆಗೆ ಮೊದಲು ಹೋಗಿ ಕರೆಯಿರಿ. ಆ ಮಗು ಗ್ರಹಣದ ದಿನ ಎಲ್ಲರ ಜೊತೆ ಅಂಗಳದಲ್ಲಿ ಕೂತು, ಜರಡಿಯ ಕೆಳಗಿನ ಸೂರ್ಯನನ್ನು ಎಣಿಸಲಿ.